ಸೀರೆ ಗಾರ್ಡ್ ಇರುವ ಕೆಫೆ ರೇಸರ್

ನನ್ನ ಬೈಕಿನ ಆರ್‌ಸಿ ಕಾರ್ಡಿನಲ್ಲಿ ಹೀಗಿದೆ: 249 ಸಿಸಿ, ಸಿಲಿಂಡರ್ ಎರಡು, ಆಸನ ಎರಡು, ಬಣ್ಣ ಕಪ್ಪು. ಹದಿನಾಲ್ಕು ತಿಂಗಳ ಶನಿವಾರಗಳನ್ನು ಸುರಿದು ಆ ಗಾಡಿಯನ್ನು ಕೆಫೆ ರೇಸರ್ ಮಾಡಿದ ಮೇಲೂ ಇದರಲ್ಲಿ ಒಂದಕ್ಷರ ಸುಳ್ಳಾಗಿಲ್ಲ. ಪುಣೆಯ ಗೆಳೆಯರಿಗೆ ಬೈಕ್ ತೋರಿಸುವಾಗ ನಾನು ಹೆಮ್ಮೆಯಿಂದ ಹೇಳುವುದು ಇದನ್ನೇ. ಅವರು ನೋಡುವುದು ಮಾತ್ರ ಹ್ಯಾಂಡಲ್.

ಕೆಫೆ ರೇಸರ್ ಎಂಬ ಹೆಸರು ಬಂದದ್ದು ಲಂಡನ್ನಿನಿಂದ. ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ಏಸ್ ಕೆಫೆ ಎಂಬ ಹೋಟೆಲ್ ಶುರುವಾಯಿತು. ನಮ್ಮ ಹೈವೇ ಢಾಬಾಗಳ ಹಾಗೆ ಲಾರಿಯವರಿಗಾಗಿ ಇದ್ದ ಜಾಗ. ಐವತ್ತು–ಅರವತ್ತರ ದಶಕದಲ್ಲಿ ಅದು ಬೈಕ್ ಹುಡುಗರ ಅಡ್ಡೆಯಾಯಿತು. ಗಂಟೆಗೆ ನೂರು ಮೈಲಿ, ಅಂದರೆ 160 ಕಿ.ಮೀ. ಮುಟ್ಟಬೇಕು ಎನ್ನುವುದು ಅವರ ಹುಚ್ಚು. ಹೊಸ ರೇಸ್ ಬೈಕಿಗೆ ದುಡ್ಡಿಲ್ಲದವರು ಇದ್ದ ಬೈಕಿನಿಂದಲೇ ಭಾರ ಇಳಿಸಿದರು, ಹ್ಯಾಂಡಲ್ ತಗ್ಗಿಸಿದರು, ಕಾಲಿಡುವ ಪೆಗ್ಗನ್ನು ಹಿಂದಕ್ಕೆ ಸರಿಸಿದರು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಇಂಜಿನ್ ಕೂರಿಸಿದರೆ ‘ಟ್ರೈಟನ್’. ವಿನ್ಸೆಂಟ್ ಕಂಪನಿಯ 998 ಸಿಸಿ ವಿ-ಟ್ವಿನ್ ಇಂಜಿನ್ ಕೂರಿಸಿದರೆ ‘ನಾರ್ವಿನ್’. ಆ ಹೋಟೆಲ್ 1969ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ತೆರೆಯಿತು.

ನನ್ನದು ವಿನ್ಸೆಂಟ್ ಅಲ್ಲ, ಅದರ ಕಾಲು ಭಾಗ. ಕೊರಿಯಾದ ಹ್ಯೋಸಂಗ್ ಕಂಪನಿಯ ಅಕ್ವಿಲಾ 250. ಲೂನಾ ಮಾಡುತ್ತಿದ್ದ ಪುಣೆಯ ಕೈನೆಟಿಕ್‌ನವರೇ 2000ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಭಾರತಕ್ಕೆ ತಂದಿದ್ದರು. ಮಾರಾಟವಾದದ್ದು ಬಹಳ ಕಡಿಮೆ. 75 ಡಿಗ್ರಿ ಕೋನದಲ್ಲಿ ನಿಂತ ಎರಡು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವುದಿಲ್ಲ, ಹಾಗಾಗಿ ಶಬ್ದದಲ್ಲಿ ಒಂದು ಕುಂಟು ಇರುತ್ತದೆ. ವಿ-ಟ್ವಿನ್ ಹುಚ್ಚು ಹಿಡಿಯುವುದೇ ಆ ಕುಂಟಿಗೆ. ನಾನು ಕೊಂಡ ಗಾಡಿ 2004ರದು. ಅದರ ಯಜಮಾನರು ನಿವೃತ್ತರು, ಮುಂದಿನ ರಿನ್ಯೂವಲ್‌ಗೆ ಓಡಾಡಲಾರದೆ ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು. 65 ಸಾವಿರ ಕೊಟ್ಟು ತಂದೆ.

ರಿನ್ಯೂವಲ್ ಅಂದೆನಲ್ಲ, ಕಥೆಯ ಗಂಟು ಇರುವುದೇ ಅಲ್ಲಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ನನ್ನದಕ್ಕೆ 2019ರಲ್ಲಿ ಒಮ್ಮೆ ಆಗಿತ್ತು, ಮುಂದಿನದು 2024. ಅತ್ತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಕೂಡದು ಎನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಂದರೆ ಚಂದ ಮಾಡಲು ಹೋಗಿ ನೋಂದಣಿ ಕಳೆದುಕೊಂಡರೆ ಗಾಡಿ ಮತ್ತೆ ಗುಜರಿಗೇ.

ಹಾಗಾಗಿ ಆರ್‌ಸಿಯನ್ನೇ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಮಾಡಿಕೊಂಡೆ. ವೀಲ್‌ಬೇಸ್ ಅದರಲ್ಲಿದೆ, ಆದ್ದರಿಂದ ಸ್ವಿಂಗ್‌ಆರ್ಮ್ ಮುಟ್ಟುವಂತಿಲ್ಲ. ಬಣ್ಣ ಇದೆ, ಕಪ್ಪು ಕಪ್ಪಾಗಿಯೇ ಇರಬೇಕು. ಹ್ಯಾಂಡಲ್, ಪೆಗ್, ಸೀಟಿನ ಆಕಾರ ಅದರಲ್ಲಿಲ್ಲ. ಫ್ರೇಮಿಗೆ ಗ್ರೈಂಡರ್ ಇಲ್ಲ, ವೆಲ್ಡಿಂಗ್ ಇಲ್ಲ, ಬರೀ ನಟ್ಟು ಬೋಲ್ಟು. ಬಿಚ್ಚಿದ್ದೆಲ್ಲ ಚೀಟಿ ಅಂಟಿಸಿ ಪೆಟ್ಟಿಗೆಗೆ. ಯಾವತ್ತು ಬೇಕಾದರೂ ಒಂದು ಭಾನುವಾರದಲ್ಲಿ ಮೂಲ ಸ್ಥಿತಿಗೆ ಬರಬೇಕು. ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್.

ನಾನು ಎಂ.ಟೆಕ್ ಓದಿದ್ದು ಕಂಪ್ಯೂಟರ್ ಸೈನ್ಸ್. ಲೇತ್ ಮುಟ್ಟಿದ್ದು ಬಿ.ಇ. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಮಾತ್ರ. ಕೆಲಸ ಮಾಡಿಕೊಡುವವರನ್ನು ಹುಡುಕುತ್ತ ಭೋಸರಿ ಎಂಐಡಿಸಿಯಲ್ಲಿ ಅಲೆಯುವಾಗ ಒಂದು ಚಿಕ್ಕ ಶೆಡ್ಡಿನೊಳಗಿಂದ ಯಾರೋ ಫೋನಿನಲ್ಲಿ ಕನ್ನಡದಲ್ಲಿ ಬೈಯುತ್ತಿರುವುದು ಕೇಳಿಸಿತು. ಒಳಗೆ ಹೋದೆ. ಅಥಣಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷ. ನನ್ನ ನಕ್ಷೆಗಳನ್ನೆಲ್ಲ ನೋಡಿ, “ಎಲ್ಲಾರೂ ಗಾಡಿಗೆ ಏನರ ಹಚ್ಚಸಾಕ ಬರ್ತಾರ್ರಿ ಸಾಹೇಬ್ರ, ನೀವು ನೋಡಿದ್ರ ಇದ್ದದ್ದ ತಗಸಾಕ ಬಂದೀರಿ” ಎಂದರು. ನಾನು ಹುಬ್ಬಳ್ಳಿಯವನು ಅಂದ ಮೇಲೆ ಸಾಹೇಬ ಹೋಗಿ ‘ತಮ್ಮಾ’ ಆದೆ, ಅವರು ನನಗೆ ಕಾಕಾ ಆದರು.

“ಫ್ರೇಮ್ ಕೊಯ್ಯಂಗಿಲ್ಲಲಾ ತಮ್ಮಾ?”

“ಇಲ್ರಿ ಕಾಕಾ, ಒಂದ್ ತೂತೂ ಹಾಕಂಗಿಲ್ಲ.”

“ಹಂಗಾದ್ರ ಮಾಡೂಣು.”

ಕ್ರೂಸರ್ ಬೈಕಿನ ಬೆನ್ನು ಹಿಂದಕ್ಕೆ ಇಳಿಜಾರು. ಕೆಫೆ ರೇಸರ್‌ಗೆ ಟ್ಯಾಂಕಿನ ತಳ ಮತ್ತು ಸೀಟು ಒಂದೇ ಅಡ್ಡಗೆರೆಯಲ್ಲಿ, ನೆಲಕ್ಕೆ ಸಮಾನಾಂತರವಾಗಿ ಓಡಬೇಕು. ಈ ಒಂದು ಗೆರೆ ಸಿಗದಿದ್ದರೆ ಎಷ್ಟು ಖರ್ಚು ಮಾಡಿದರೂ ಗಾಡಿ ಬೆನ್ನು ಮುರಿದಂತೆಯೇ ಕಾಣುತ್ತದೆ. ನಾವು ಅದನ್ನು ಎರಡು ಕಡೆ ಹಂಚಿಕೊಂಡೆವು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು 30 ಮಿ.ಮೀ. ಉದ್ದದವಕ್ಕೆ ಬದಲಿಸಿದೆವು, ಟ್ಯಾಂಕಿನ ಹಿಂಬದಿಗೆ ಕಾಕಾ ಲೇತಿನಲ್ಲಿ ತಿರುವಿದ ಬುಶ್ ಕೊಟ್ಟು ಎತ್ತಿದೆವು. ಹಿಂದೆ ಎತ್ತಿದರೆ ಮುಂದಿನ ಫೋರ್ಕ್ ಹೆಚ್ಚು ನೆಟ್ಟಗಾಗುತ್ತದೆ, ತಿರುವಿನಲ್ಲಿ ಗಾಡಿ ಬೇಗ ಹೊರಳುತ್ತದೆ. ಅದು ಬೇಕಾದದ್ದೇ. ಆದರೆ ಚೈನ್ ಸ್ವಿಂಗ್‌ಆರ್ಮಿಗೆ ಉಜ್ಜುತ್ತದೆಯೇ ನೋಡಬೇಕು. ಸೈಡ್ ಸ್ಟ್ಯಾಂಡ್ ಗಿಡ್ಡವಾಗುತ್ತದೆ, ಅದಕ್ಕೆ ಅಡಿಯಲ್ಲಿ ದಪ್ಪ ಪಾದ ಹಾಕಬೇಕು. ಟ್ಯಾಂಕಿನ ಮೂಗಿನಲ್ಲಿ ಒಂದಿಷ್ಟು ಪೆಟ್ರೋಲ್ ಕಾಕಿಗೆ ಇಳಿಯದೆ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಹ್ಯಾಂಡಲ್ ಸುಲಭ. ಫೋರ್ಕಿಗೆ ಕಚ್ಚುವ ಕ್ಲಿಪ್-ಆನ್ ಬೇಡವೆಂದು, ಮೂಲ ಕ್ಲಾಂಪಿಗೇ ಕೂರುವ ಕೆಳಬಾಗಿದ ಕ್ಲಬ್‌ಮನ್ ಹ್ಯಾಂಡಲ್ ಹಾಕಿದೆ. ಪೆಗ್ಗಿನದೇ ದೊಡ್ಡ ಕೆಲಸ. ಹಿಂಬದಿ ಸವಾರರ ಫುಟ್‌ರೆಸ್ಟಿನ ಬೋಲ್ಟ್ ರಂಧ್ರಗಳನ್ನೇ ಬಳಸಿ ಅಲ್ಯೂಮಿನಿಯಂ ಪ್ಲೇಟ್ ಕೂರಿಸಿ, ಅದರ ಮೇಲೆ ಸವಾರನ ಪೆಗ್ಗು, ಗೇರ್ ಲಿವರು, ಬ್ರೇಕ್ ಪೆಡಲು, ಹಿಂದೆ ಕೂರುವವರ ಫುಟ್‌ರೆಸ್ಟು ಎಲ್ಲವನ್ನೂ ತರಬೇಕಿತ್ತು. ಗೇರಿನ ಕೊಂಡಿ ತಿರುಗಿ ಕೂತರೆ ಗೇರುಗಳ ಕ್ರಮವೇ ತಲೆಕೆಳಗಾಗುತ್ತದೆ. ಕಾಕಾ ಮೊದಲು ರಟ್ಟಿನಲ್ಲಿ ಕತ್ತರಿಸಿ, ನನ್ನನ್ನು ಗಾಡಿ ಮೇಲೆ ಕೂರಿಸಿ, ಮೊಣಕಾಲು ನೋಡಿ, ಮತ್ತೆ ಕತ್ತರಿಸಿದರು. ಆರು ಶನಿವಾರ ಹೋದದ್ದು ಇದೊಂದಕ್ಕೇ.

ಸೀಟು ಹೊರಗಿಂದ ಒಬ್ಬರದು. ಹಿಂದಿನ ಗೂನು ಎರಡು ತಿರುಪಿನಿಂದ ಬಿಚ್ಚುತ್ತದೆ, ಅಡಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಇನ್ನು ಸೀರೆ ಗಾರ್ಡ್. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಕೈಹಿಡಿ, ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಮುಚ್ಚಿರಬೇಕು. ಏಸ್ ಕೆಫೆಯ ಹುಡುಗರು ಇದನ್ನು ಕಂಡಿದ್ದರೆ ನಗುತ್ತಿದ್ದರೇನೋ. ಕಾಕಾ ತೆಳ್ಳನೆಯ ಸರಳುಗಳಲ್ಲಿ ಒಂದನ್ನು ಬಾಗಿಸಿ ಕೊಟ್ಟರು. ಇಡೀ ಗಾಡಿಯಲ್ಲಿ ನನ್ನ ಹೆಂಡತಿ ಮೆಚ್ಚಿದ ಒಂದೇ ಭಾಗ ಅದು. ದಪ್ಪ ಹಿಂದಿನ ಟೈರನ್ನು ಬದಲಿಸಲಿಲ್ಲ. ಮಡಿವಂತರು ಮೂಗು ಮುರಿಯಲಿ.

ಇಂಜಿನ್ ಬಿಚ್ಚಲಿಲ್ಲ. ಏರ್‌ಬಾಕ್ಸ್ ಕಿತ್ತು ಚಿಕ್ಕ ಫಿಲ್ಟರ್ ಹಾಕುವುದು ಫ್ಯಾಷನ್. ಹಾಗೆ ಮಾಡಿದರೆ ಗಾಳಿ ಹೆಚ್ಚಿ, ಜೆಟ್ ಬದಲಿಸದಿದ್ದರೆ ಇಂಜಿನ್ ಕಾಯುತ್ತದೆ. ಗಾಳಿ ಕಡಿಮೆ ಸಿಗುವ ಹಿಂದಿನ ಸಿಲಿಂಡರಿಗೆ ಪುಣೆಯ ಟ್ರಾಫಿಕ್ಕಿನಲ್ಲಿ ಆ ಶಿಕ್ಷೆ ಬೇಡವೆನಿಸಿತು. ಎರಡು ಕಾರ್ಬ್ಯುರೇಟರ್‌ಗಳನ್ನು ಸಮ ಮಾಡಿದ್ದು ಮಾತ್ರ ನಾನೇ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು, ಟೂ-ಸ್ಟ್ರೋಕ್ ಆಯಿಲ್ ತುಂಬಿ, ಎರಡು ತುದಿಗಳನ್ನು ಎರಡೂ ಸಿಲಿಂಡರಿನ ಇನ್‌ಟೇಕಿಗೆ ಜೋಡಿಸಿದೆ. ಹೆಚ್ಚು ಎಳೆಯುವ ಕಡೆಗೆ ಆಯಿಲ್ ಏರುತ್ತದೆ. ತಿರುಪು ತಿರುಗಿಸುತ್ತ ಎರಡೂ ಮಟ್ಟ ಒಂದಾದಾಗ ಹ್ಯಾಂಡಲಿನ ನಡುಕ ಇಳಿಯಿತು, ಶಬ್ದದ ಕುಂಟು ಉಳಿಯಿತು.

ಒಟ್ಟು ಮೇಲಿನ ಖರ್ಚು 80 ಸಾವಿರದ ಹತ್ತಿರ. ವಿಮೆಯವರಿಗೂ ಬರೆದು ತಿಳಿಸಿದೆ.

ಆರ್‌ಟಿಒಗೆ ಹೋಗುವಾಗ ಹಳೆಯ ಭಾಗಗಳ ಪೆಟ್ಟಿಗೆಯನ್ನೂ ಗೆಳೆಯನ ಕಾರಿನಲ್ಲಿ ಇಟ್ಟುಕೊಂಡಿದ್ದೆ. ಒಪ್ಪದಿದ್ದರೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ತರುವ ತಯಾರಿ. ಇನ್‌ಸ್ಪೆಕ್ಟರ್ ಚಾಸಿಸ್ ನಂಬರ್ ಉಜ್ಜಿ ನೋಡಿದರು, ಹಾರ್ನ್, ಇಂಡಿಕೇಟರ್, ಬ್ರೇಕ್ ನೋಡಿದರು. ಗಾಡಿಗೆ ಒಂದು ಸುತ್ತು ಬಂದು, “ಸಾಡಿ ಗಾರ್ಡ್ ಆಹೇ ಕಾ?” ಅಂದರು. ತೋರಿಸಿದೆ. ಗೂನು ಬಿಚ್ಚಿ ಎರಡನೇ ಸೀಟನ್ನೂ ತೋರಿಸಿದೆ. 2029ರವರೆಗೆ ಬದುಕಿತು ಗಾಡಿ.

ಹುಬ್ಬಳ್ಳಿಗೆ ಮರಳುವ ದಿನ ಬಂದರೆ ಇನ್ನೊಂದು ಸುತ್ತು ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಆಗಬೇಕು. ಇಲ್ಲಿಂದ ಫಾರ್ಮ್ 28ರ ಎನ್‌ಒಸಿ, ಅಲ್ಲಿ ಕರ್ನಾಟಕದ ತೆರಿಗೆ, ಮತ್ತೊಬ್ಬ ಇನ್‌ಸ್ಪೆಕ್ಟರ್. ಪೆಟ್ಟಿಗೆಯನ್ನು ಅಟ್ಟದ ಮೇಲೆ ಭದ್ರವಾಗಿ ಇಟ್ಟಿದ್ದೇನೆ.

ರಿನ್ಯೂವಲ್ ಆದ ಸುದ್ದಿ ಹೇಳಲು ಭೋಸರಿಗೆ ಹೋದಾಗ ಕಾಕಾ ಗಾಡಿ ಸುತ್ತ ಒಮ್ಮೆ ಕೈಯಾಡಿಸಿ, “ಊರಾಗ ನಮ್ಮಪ್ಪಂದೊಂದು ರಾಜದೂತ್ ಹಂಗ ನಿಂತೈತಿ ತಮ್ಮಾ” ಅಂದರು. ಆರ್‌ಸಿ ಇದೆಯೇನ್ರಿ ಎಂದು ಕೇಳಿದೆ. ಮನೆಗೆ ಫೋನ್ ಹಚ್ಚಿದರು. ಟ್ರಂಕಿನಲ್ಲಿ ಹುಡುಕುತ್ತಿದ್ದಾರಂತೆ.