'ಅಕ್ಕಿಕಾಳು ಈಗ, ಕಳಿಸೋದು 18 ತುಂಬಿದ ಮೇಲೆ': ಹೀಗೆ ಮಾಡಿದರೆ ಕೇಸ್ ಆಗುವುದಿಲ್ಲವೇ?

ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯ ಅನೇಕ ಬಡ ಕುಟುಂಬಗಳು ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಬೆಳೆದ ಮಗಳನ್ನು ಯಾರ ಹತ್ತಿರ ಬಿಡುವುದು ಎಂಬ ಚಿಂತೆ ಹೆತ್ತವರಿಗೆ. ಆಗ ಹಿರಿಯರು ಹೇಳುವ ಮಾತು: "ಸೋದರಮಾವಗೇ ಕೊಡೋದಲ್ಲ? ಈಗ ಅಕ್ಕಿಕಾಳು ಹಾಕೋಣ, 18 ತುಂಬಿದ ಮ್ಯಾಲೆ ಕಳಿಸೋಣ. ಕೇಸ್ ಆಗಂಗಿಲ್ಲ."

ಇದು ನಿಜವೇ? ಅಲ್ಲ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ನೋಡುವುದು ಮದುವೆಯ ದಿನದ ವಯಸ್ಸನ್ನು, ಗಂಡನ ಮನೆಗೆ ಕಳಿಸಿದ ದಿನದ್ದಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಸಂಬಂಧಿಕರೊಳಗಿನ ಮದುವೆಗೂ ವಿನಾಯಿತಿ ಇಲ್ಲ. ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಮೂಲ ಕಾಯ್ದೆಯಲ್ಲಿ ಇಂಥ ಮದುವೆಯನ್ನು ಕೋರ್ಟು ರದ್ದು ಮಾಡಬೇಕಿತ್ತು. ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಇಲ್ಲಿ ಅದು ಮೊದಲ ದಿನದಿಂದಲೇ ಅಸಿಂಧು. 18 ತುಂಬಿತೆಂದು ತಾನಾಗಿ ಸಿಂಧುವಾಗುವುದಿಲ್ಲ. 18 ತುಂಬದ ಹೆಂಡತಿಯೊಡನೆ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ತೀರ್ಪು ಕೊಟ್ಟಿದೆ. ಮಗಳ ಭದ್ರತೆಗೆಂದು ಮಾಡಿದ್ದು ಅಳಿಯನನ್ನು ಜೈಲಿಗೆ, ಮಗಳನ್ನು ಬೇಗ ಬಸಿರಿನ ಅಪಾಯಕ್ಕೆ ದೂಡಬಹುದು.

ಹಾಗಾದರೆ ಮಗಳನ್ನು ಎಲ್ಲಿ ಬಿಡುವುದು? ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ವಸತಿ, ಊಟ, ಓದು ಉಚಿತ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳೂ ಇವೆ. ಗುಳೆ ಹೊರಡುವ ಮುಂಚೆಯೇ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ.

ಎಲ್ಲಾದರೂ ಇಂಥ ಮದುವೆ ಗೊತ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ. ಫಾರ್ವರ್ಡ್ ಮಾಡುವುದಿದ್ದರೆ ಈ ನಂಬರ್ ಮಾಡಿ.