ಒಂದೇ ಲೆಡ್ಜರ್, ಇಬ್ಬರು ಗುಮಾಸ್ತರು

"ತಾತ, ಜಾವಾದಲ್ಲಿ ಕ್ಲಾಸ್ ಬೇರೆ, ಆಬ್ಜೆಕ್ಟ್ ಬೇರೆಯಾ?" ಎಂದಳು ಮೊಮ್ಮಗಳು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ಸುಲಭ. ಗೆರೆ ಹಾಕಿ ಅಚ್ಚಾದ ಖಾಲಿ ಹಾಳೆ ಕ್ಲಾಸ್. ಅಜ್ಜಿಯ ಹೆಸರಿಗೆ ತೆರೆದ ಖಾತೆ ಆಬ್ಜೆಕ್ಟ್.

ಥ್ರೆಡ್ ಗುಮಾಸ್ತನಿದ್ದಂತೆ. ಇಬ್ಬರಿದ್ದರೆ ಕೆಲಸ ಚುರುಕು, ಫಜೀತಿಯೂ ಉಂಟು. ಅಜ್ಜಿಯ ಖಾತೆಯಲ್ಲಿ 1000 ರೂಪಾಯಿ. ಒಬ್ಬ 200, ಇನ್ನೊಬ್ಬ 300 ಜಮಾ ಮಾಡಬೇಕು. ಇಬ್ಬರೂ ಒಟ್ಟಿಗೇ 1000 ಎಂದು ಓದಿಕೊಂಡರು. ಒಬ್ಬ 1200 ಬರೆದ. ಅದನ್ನು ಅಳಿಸಿ ಇನ್ನೊಬ್ಬ 1300 ಬರೆದ. (ನಮ್ಮ ಲೆಡ್ಜರಿನಲ್ಲಿ ಅಳಿಸುವಂತಿರಲಿಲ್ಲ, ಕಂಪ್ಯೂಟರಿಗೆ ಆ ಸಂಕೋಚವಿಲ್ಲ.) ಅಜ್ಜಿಯ 200 ಮಾಯ! ಪ್ರತಿಸಲ ಹೀಗಾಗುವುದಿಲ್ಲ, ಅದಕ್ಕೇ ಹಿಡಿಯುವುದು ಕಷ್ಟ.

ಜಮಾ ಮಾಡುವ ಮೆಥಡ್‌ಗೆ 'ಸಿಂಕ್ರೊನೈಸ್ಡ್' ಎಂದು ಸೇರಿಸಿದರೆ ಆ ಖಾತೆಗೆ ಬೀಗ. ಒಬ್ಬ ಮುಗಿಸುವವರೆಗೆ ಇನ್ನೊಬ್ಬ ಕಾಯಬೇಕು. ಮಕ್ಕಳೇ, ಹಣ ತೆಗೆಯುವ ಮೆಥಡ್‌ಗೂ ಅದನ್ನು ಹಾಕಿ. ಇಲ್ಲವಾದರೆ ಹಿಂಬಾಗಿಲು ತೆರೆದೇ ಇರುತ್ತದೆ.