ಕೂಸಿಗೆ ಇರುಳನ್ನು ಪರಿಚಯಿಸುವ ಬಗೆ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುದಾರಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ಬೆನ್ನಿಗೊಂದು ಬರುತ್ತವೆ, ಒಂದು ಊರು ಏಲಕ್ಕಿಯ ಮಾಲೆಗೆ, ಇನ್ನೊಂದು ಕೆಂಪು ಮೆಣಸಿನಕಾಯಿಗೆ, ಮತ್ತೊಂದು ಬಿತ್ತನೆಯ ಬೀಜಕ್ಕೆ ಹೆಸರಾಗಿದ್ದರೂ, ಯಾವ ಊರಿನ ಬಾಣಂತಿಯ ಮನೆಗೆ ಹೋದರೂ, ಕೂಸಿನ ಮೂಗು ಯಾರ ಕಡೆಯದು, ಹಣೆ ಯಾರ ಕಡೆಯದು ಎಂಬ ವಿಚಾರ ಇತ್ಯರ್ಥವಾದ ಮೇಲೆ ಅಜ್ಜಿಯ ಬಾಯಿಂದ ಹೊರಡುವ ದೂರು ಒಂದೇ: “ಕೂಸಿಗೆ ಹಗಲು ರಾತ್ರಿ ಅದಲುಬದಲಾಗೇತ್ರಿ.” ಹಗಲೆಲ್ಲ ತೊಟ್ಟಿಲಲ್ಲಿ ನಿಶ್ಚಿಂತೆಯಿಂದ ಮಲಗಿದ್ದ ಶಿಶು ಊರಿಗೆ ಊರೇ ಮಲಗಿದ ಮೇಲೆ ಕಣ್ಣರಳಿಸುತ್ತದೆ. ಹಾಲು ಸಾಲದೆಂದು ಒಬ್ಬರು, ಹೊಟ್ಟೆ ನುಲಿಯುತ್ತಿದೆಯೆಂದು ಇನ್ನೊಬ್ಬರು ನಿದಾನ ಹೇಳುತ್ತಾರೆ. ದೃಷ್ಟಿಯಾಗಿದೆಯೆಂದು ಮೂರನೆಯವರು ಉಪ್ಪು-ಮೆಣಸಿನಕಾಯಿ ನಿವಾಳಿಸುತ್ತಾರೆ. ಇವೆಲ್ಲಕ್ಕಿಂತ ಅಜ್ಜಿಯ ದೂರೇ ಶರೀರಶಾಸ್ತ್ರಕ್ಕೆ ಹತ್ತಿರವಾಗಿದೆಯೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಹಗಲು-ಇರುಳುಗಳ ಭೇದವೆಂಬುದು ಹುಟ್ಟಿನೊಂದಿಗೆ ಬರುವ ಜ್ಞಾನವಲ್ಲ. ನಮ್ಮ ದೇಹವನ್ನು ಸಂಜೆಯಾಗುತ್ತಲೇ ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ರಸವನ್ನು ನವಜಾತ ಶಿಶು ತಾನಾಗಿ ಲಯಬದ್ಧವಾಗಿ ಉತ್ಪಾದಿಸಲಾರದು. ಆ ಸಾಮರ್ಥ್ಯ ಕುದುರುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಅದು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ಮಲಗುವುದೇನೋ ನಿಜ, ಆದರೆ ಆ ನಿದ್ರೆಯೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಅಹೋರಾತ್ರಿಯ ಉದ್ದಕ್ಕೂ ಚೆಲ್ಲಿಕೊಂಡಿರುತ್ತದೆ. ಅದರಲ್ಲೂ ಹೆಚ್ಚುಕಡಿಮೆ ಅರ್ಧಭಾಗ ಚಂಚಲವಾದ ನಿದ್ರೆ: ರೆಪ್ಪೆಯ ಕೆಳಗೆ ಕಣ್ಣಾಲಿಗಳು ಓಡಾಡುತ್ತವೆ, ತುಟಿ ಮಿಡಿಯುತ್ತದೆ, ಮುಖ ಕೆಂಪೇರುತ್ತದೆ, ಕೂಸು ಮುಲುಗುತ್ತದೆ, ಒಮ್ಮೊಮ್ಮೆ ಅರೆಗಳಿಗೆ ಅತ್ತೂಬಿಡುತ್ತದೆ, ಇಷ್ಟೆಲ್ಲ ಆಗುತ್ತಿರುವಾಗಲೂ ಅದು ಮಲಗಿಯೇ ಇರುತ್ತದೆ. ಶಿಕಾಗೋದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಈ ಬಗೆಯ ನಿದ್ರೆಯನ್ನು 1953ರಲ್ಲಿ ಲೋಕಕ್ಕೆ ತಿಳಿಸಿದರು. ಮುಲುಗಿದ ಕ್ಷಣವೇ ಗಾಬರಿಯಿಂದ ಎತ್ತಿಕೊಳ್ಳುವ ಮನೆಯಲ್ಲಿ ಎಷ್ಟೋ ಸಲ ಮಲಗಿದ್ದ ಕೂಸನ್ನು ದೊಡ್ಡವರೇ ಎಬ್ಬಿಸಿದಂತಾಗುತ್ತದೆ; ಕೈ ಚಾಚುವ ಮೊದಲು ಒಂದೆರಡು ನಿಮಿಷ ಸುಮ್ಮನೆ ನೋಡುವುದರಿಂದ ನಷ್ಟವೇನೂ ಇಲ್ಲ.

‘ಇಡೀ ರಾತ್ರಿ’ ಎಂದು ನಾವು ಹೇಳುವ ಅವಧಿಯಾದರೂ ಎಷ್ಟು? ಲಂಡನ್ನಿನಲ್ಲಿ ಮೂರ್ ಮತ್ತು ಉಕೊ ಎಂಬ ಸಂಶೋಧಕರು 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಎಚ್ಚರಗೊಳ್ಳದೆ ಇರುವ ಕೂಸನ್ನೇ ನೆಲೆಗೆ ಬಂದ ಕೂಸೆಂದು ಎಣಿಸಿದರು. ಈ ಉದಾರವಾದ ಲೆಕ್ಕದಲ್ಲಿಯೂ ಮೂರು ತಿಂಗಳಿಗೆ ನೆಲೆಗೆ ಬಂದವು ನೂರಕ್ಕೆ ಎಪ್ಪತ್ತರಷ್ಟು ಮಾತ್ರ. ಕೆನಡಾದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಆರು ತಿಂಗಳ ಮಕ್ಕಳಲ್ಲಿ ನೂರಕ್ಕೆ 38, ವರ್ಷ ತುಂಬಿದವುಗಳಲ್ಲಿಯೂ ನೂರಕ್ಕೆ 28, ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಹಾಗೆ ಮಲಗದಿದ್ದುದರಿಂದ ಅವುಗಳ ಬೆಳವಣಿಗೆಗೆ ಕುಂದು ಬಂದುದೂ ಕಾಣಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಹುಟ್ಟಿದ ಮೊದಲ ವಾರಗಳಲ್ಲಿ ಹಾಲಿಗೂ ಏಳದೆ ರಾತ್ರಿಯಿಡೀ ಮಲಗುವ ಶಿಶುವನ್ನು ಕಂಡು ‘ನಮ್ಮದು ಬಾಳ ಶಾಣ್ಯಾ ಕೂಸು’ ಎಂದು ಹಿಗ್ಗುವವರು ತುಸು ಜಾಗರೂಕರಾಗಿರಬೇಕು. ಎಬ್ಬಿಸಿದರೂ ಏಳದ, ಮೊಲೆ ಹಿಡಿಯದ, ಮೈ ಬಿಸಿಯಾದ ಅಥವಾ ತಣ್ಣಗಾದ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯುವ ಕೂಸನ್ನು ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹೆರಿಗೆಯ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಮನೆಗೆ ಬರಬೇಕೆಂಬ ನಿಯಮವುಳ್ಳ ಆಶಾ ಕಾರ್ಯಕರ್ತೆಗೆ ನಿದ್ರೆಯ ವಿಚಾರವನ್ನೂ ಸಂಕೋಚವಿಲ್ಲದೆ ಹೇಳಬಹುದು.

ಇನ್ನು ನಮ್ಮ ಬಾಣಂತನದ ಕ್ರಮಕ್ಕೆ ಬರೋಣ. ಈ ಸೀಮೆಯಲ್ಲಿ ಕೂಸಿನ ದಿನಚರಿಯ ಮಹತ್ತರವಾದ ಘಟನೆಯೆಂದರೆ ಸ್ನಾನ. ನೀರು ಹಾಕುವ ಮುದುಕಿ ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು, ಮೊಣಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಎಣ್ಣೆಯಿಂದ ತಿಕ್ಕಿ ತೀಡಿ, ಕಡಲೆಹಿಟ್ಟಿನಿಂದ ಉಜ್ಜಿ, ಹಂಡೆಯ ಬಿಸಿನೀರನ್ನು ಅದು ಕೆಂಪಗಾಗುವವರೆಗೆ ಸುರಿದು, ಒರೆಸಿ, ಲೋಬಾನದ ಹೊಗೆ ಹಾಕಿ, ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದಳೆಂದರೆ, ಅತ್ತು ದಣಿದ ಆ ಪ್ರಾಣಿ ಮೂರು-ನಾಲ್ಕು ಗಂಟೆ ಮಿಸುಕಾಡದು. ಅಹೋರಾತ್ರಿಯಲ್ಲಿ ಕೂಸಿಗೆ ಸಾಧ್ಯವಾದ ಅತಿ ದೀರ್ಘವಾದ ನಿದ್ರೆಯ ತುಂಡನ್ನು ಹೀಗೆ ನಾವು ಹಾಡಹಗಲಿನಲ್ಲಿಯೇ ವೆಚ್ಚಮಾಡಿಬಿಡುತ್ತೇವೆ. ಆಮೇಲೆ ಇರುಳಿನಲ್ಲಿ ಅದನ್ನು ಹುಡುಕುತ್ತೇವೆ. ನೀರು ಹಾಕುವವಳಿಗೂ ನಾಲ್ಕಾರು ಮನೆಗಳಿರುವುದರಿಂದ ಅವಳ ಹೊತ್ತಿಗೆ ನಾವು ಒಗ್ಗಬೇಕಾಗುವುದೇ ಹೊರತು ನಮ್ಮ ಹೊತ್ತಿಗೆ ಅವಳು ಒಗ್ಗುವುದು ಕಷ್ಟ. ಸ್ನಾನವನ್ನು ಇಳಿಹೊತ್ತಿಗೆ ತಂದುಕೊಳ್ಳಲು ಸಾಧ್ಯವಾದವರು ತರಲಿ. ಸಾಧ್ಯವಾಗದವರು ಸಂಜೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಹಗುರವಾಗಿ ಎಣ್ಣೆ ಸವರಿ, ಬಟ್ಟೆ ಬದಲಿಸಿ, ಹಾಲು ಕುಡಿಸಿ, ಜೋಗುಳ ಹಾಡಿ ಮಲಗಿಸುವ ಒಂದು ಕ್ರಮವನ್ನು ಪ್ರತಿದಿನವೂ ಅದೇ ಹೊತ್ತಿಗೆ, ಅದೇ ಅನುಕ್ರಮದಲ್ಲಿ ನಡೆಯಿಸಿದರೆ ಸಾಕು. ಲೋಬಾನದ ಹೊಗೆಯನ್ನೂ ಮಂಚದ ಕೆಳಗಿನ ಕೆಂಡವನ್ನೂ ಮಾತ್ರ ಬಿಟ್ಟೇಬಿಡಬೇಕು. ಎಳೆಯ ಶ್ವಾಸಕೋಶಕ್ಕೆ ಹೊಗೆ ಸುವಾಸನೆಯದಾದರೂ ಹೊಗೆಯೇ.

ಬಾಣಂತಿಕೋಣೆಯ ಕತ್ತಲೆಯೂ ವಿಚಾರಾರ್ಹವಾದದ್ದು. ಗಾಳಿ ತಾಗೀತೆಂಬ ಭಯದಿಂದ ಕಿಟಕಿ ಮುಚ್ಚಿ ಹಗಲನ್ನು ಇರುಳು ಮಾಡುತ್ತೇವೆ. ಬಂದವರು ನೋಡಲೆಂದು ರಾತ್ರಿ ದೀಪ ಹಾಕಿ, ಟಿ.ವಿ. ಹಚ್ಚಿ, ಮೊಬೈಲಿನ ಬೆಳಕನ್ನು ಮುಖಕ್ಕೆ ಹಿಡಿದು ಇರುಳನ್ನು ಹಗಲು ಮಾಡುತ್ತೇವೆ. ಕೂಸು ಹಗಲಿರುಳುಗಳನ್ನು ಕಲಿಯಬೇಕಾದದ್ದು ಬೆಳಕಿನಿಂದ ಎಂದ ಮೇಲೆ, ಮುಂಜಾನೆ ಕಿಟಕಿ ತೆರೆದು, ಹಗಲಿನ ಹಾಲಿನ ಹೊತ್ತಿನಲ್ಲಿ ಮಾತನಾಡಿಸಿ, ಮನೆಯ ಸಾಮಾನ್ಯ ಸದ್ದುಗದ್ದಲಗಳನ್ನು ತಡೆಯದೆ ಇರಬೇಕು. ರಾತ್ರಿಯ ಹಾಲನ್ನಾದರೋ ಮಂದವಾದ ದೀಪದಲ್ಲಿ, ಮಾತಿಲ್ಲದೆ, ಆಟವಿಲ್ಲದೆ ಕುಡಿಸಿ ಮತ್ತೆ ಮಲಗಿಸಬೇಕು. ಆ ಹಾಲನ್ನು ತಪ್ಪಿಸುವ ಆಲೋಚನೆ ಮೊದಲ ತಿಂಗಳುಗಳಲ್ಲಿ ಸಲ್ಲದು. ರಾತ್ರಿ ಸುರಿಯುವ ತಾಯಿಹಾಲಿನಲ್ಲಿಯೇ ಮೆಲಟೋನಿನ್ ಇರುತ್ತದೆಯಾದ್ದರಿಂದ ಕೂಸಿಗೆ ತನ್ನದಿಲ್ಲದಾಗ ತಾಯಿಯದು ಒದಗುತ್ತದೆ.

ತೊಟ್ಟಿಲಿನ ವಿಷಯದಲ್ಲಿ ನಮ್ಮವರು ರಸಿಕರು. ಕಲಘಟಗಿಯ ಬಣ್ಣದ ಮರದ ತೊಟ್ಟಿಲು ಅಟ್ಟದಿಂದ ಇಳಿದು ಬಂದಿತೆಂದರೆ ಅದರಲ್ಲಿ ಮಲಗಿದ ತಲೆಮಾರುಗಳ ಕಥೆಯೂ ಇಳಿದು ಬರುತ್ತದೆ. ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎನ್ನುವಾಗ ಅವಳ ಬೆನ್ನಿಗೆ ಬೀಳುವ ಗುದ್ದುಗಳಿಗೆ ಲೆಕ್ಕವಿಲ್ಲ. ತೂಗುವಿಕೆಯಿಂದ ಕೂಸು ಶಾಂತವಾಗುವುದು ಕಲ್ಪನೆಯಲ್ಲ: ಜಪಾನಿನ ಕುಮಿ ಕುರೊಡ ಮತ್ತು ಸಂಗಡಿಗರು 2022ರಲ್ಲಿ ತೋರಿಸಿಕೊಟ್ಟಂತೆ, ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದಾಡಿ, ಅದು ಮಲಗಿದ ಮೇಲೆ ಮತ್ತೆ ಐದರಿಂದ ಎಂಟು ನಿಮಿಷ ತೊಡೆಯ ಮೇಲಿಟ್ಟುಕೊಂಡು ಕುಳಿತು, ಆಮೇಲೆ ಹಾಸಿಗೆಗೆ ಇಳಿಸಿದರೆ ಅದು ಮತ್ತೆ ಎಚ್ಚರಗೊಳ್ಳುವ ಸಂಭವ ಕಡಿಮೆ. ಆದರೆ ಸೀರೆಯ ಜೋಳಿಗೆಯಲ್ಲಿ ಎಳೆಗೂಸಿನ ಗದ್ದ ಎದೆಗೆ ಅಂಟಿ ಉಸಿರಿಗೆ ಅಡ್ಡಿಯಾಗುವ ಅಪಾಯವುಂಟು. ಮಟ್ಟಸವಾದ ಹಾಸಿರುವ ಮರದ ತೊಟ್ಟಿಲೇ ಮೇಲು. ಅದರಲ್ಲಿಯೂ ದಪ್ಪ ಕೌದಿ, ದಿಂಬುಗಳನ್ನು ತುಂಬದೆ, ಕೂಸನ್ನು ಅಂಗಾತ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಹೀಗೆ ಅಂಗಾತ ಮಲಗಿಸುವ ಪ್ರಚಾರ ನಡೆದ ಮೇಲೆ ನಿದ್ರೆಯಲ್ಲಿಯೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು.

ನಿದ್ರೆ ಬರಿಸುವ ಔಷಧಿಗಳ ಚರಿತ್ರೆ ಕರಾಳವಾದದ್ದು. ಈ ಮೂರು ಊರುಗಳು 1956ರವರೆಗೂ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿ, 1920ರ ದಶಕದಲ್ಲಿ, ಗಿರಣಿಗೆ ಹೋಗುವ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಗಾಡ್‌ಫ್ರೆ ಎಂಬಾತನ ಹೆಸರಿನ ಅಫೀಮಿನ ಪಾನಕ ಇದೇ ಕೆಲಸ ಮಾಡಿತು. ಆ ತಾಯಂದಿರನ್ನು ನಿರ್ದಯರೆನ್ನಲು ನನಗೆ ಮನಸ್ಸಿಲ್ಲ. ಅವರಿಗೆ ದುಡಿಮೆಯ ಹೊತ್ತು ಇತ್ತು, ಕೂಸನ್ನು ನೋಡುವ ಕೈ ಇರಲಿಲ್ಲ. ಅಫೀಮು ಹೋದರೂ ತೇಯ್ದ ಜಾಜಿಕಾಯಿ, ಬಜೆ, ಜೇನುತುಪ್ಪ, ‘ಹೊಟ್ಟೆ ತುಂಬಲಿ’ ಎಂದು ಮೂರನೆಯ ತಿಂಗಳಿಗೇ ಕುಡಿಸುವ ಗಂಜಿ ಉಳಿದಿವೆ. ಆರು ತಿಂಗಳು ತುಂಬುವವರೆಗೆ ತಾಯಿಹಾಲಿನ ಹೊರತು, ವೈದ್ಯರು ಹೇಳಿದ ಔಷಧವನ್ನು ಬಿಟ್ಟರೆ, ಇವಾವುದೂ ಬೇಡ; ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಿಷಿದ್ಧ.

ಅಳುವ ಕೂಸನ್ನು ಬೇರೆ ಕೋಣೆಯಲ್ಲಿ ಬಿಟ್ಟು ತಾನಾಗಿ ಮಲಗುವುದನ್ನು ಕಲಿಸಬೇಕೆಂದು ಅಮೆರಿಕದ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿಯೇ ಬೋಧಿಸಿದ್ದನು. ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಮಲಗುವ ನಮ್ಮ ಮನೆಗಳಲ್ಲಿ ಆ ಬೇರೆ ಕೋಣೆಯೇ ಇಲ್ಲವಾದ್ದರಿಂದ ಆ ವಿವಾದಕ್ಕೆ ನಾನು ಇಳಿಯುವುದಿಲ್ಲ. ನಮ್ಮ ಮುಂದಿರುವ ಪ್ರಶ್ನೆ ಬೇರೆ: ತಾಯಿ ಮಲಗುವುದು ಯಾವಾಗ? ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿಯ ತುಂಬು ಬಿಡಿಸಲು ಕೂಡುವವಳಿಗೂ, ರಾಣೆಬೆನ್ನೂರಿನ ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಸಂಜೆ ಮೊಗ್ಗು ಬಿಡಿಸಿ ಮರುದಿನ ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಹೋಗುವವಳಿಗೂ ಹಗಲು ನಿದ್ರೆಯ ಅವಕಾಶವಿಲ್ಲ. ಸಂಜೆಯ ಮೊದಲ ಹಾಲಾದ ಮೇಲೆ ಅವಳನ್ನು ಮಲಗಿಸಿ, ಮುಂದಿನ ಎಚ್ಚರದವರೆಗೆ ಕೂಸನ್ನು ತೂಗುವ, ಬಟ್ಟೆ ಬದಲಿಸುವ ಕೆಲಸಗಳನ್ನು ಗಂಡನೋ ಅತ್ತೆಯೋ ವಹಿಸಿಕೊಂಡರೆ ಮೂರು-ನಾಲ್ಕು ಗಂಟೆಯ ಅಖಂಡವಾದ ನಿದ್ರೆ ಅವಳಿಗೆ ದೊರೆಯುತ್ತದೆ. ಹಾಲು ಕುಡಿಸುವುದೊಂದನ್ನು ಬಿಟ್ಟು ಮಿಕ್ಕ ಯಾವ ಕೆಲಸಕ್ಕೂ ಗಂಡಸಿನ ಕೈ ಅನರ್ಹವಲ್ಲ. ಮೆಣಸಿನಕಾಯಿ ಮುಟ್ಟಿ ಬಂದ ಕೈಯನ್ನು ಸಾಬೂನಿನಿಂದ ತೊಳೆದು, ಸೀರೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಬೇಕೆಂಬುದು ಬ್ಯಾಡಗಿಯವರಿಗೆ ಬೇರೆ ಹೇಳಬೇಕಾದ್ದಿಲ್ಲ.

ತವರಿನ ಬಾಣಂತನದ ದೊಡ್ಡ ಗುಣವೆಂದರೆ ಇದೇ, ಇರುಳಿನ ದುಡಿಮೆಯನ್ನು ಹಂಚಿಕೊಳ್ಳುವ ಕೈಗಳು ಅಲ್ಲಿರುತ್ತವೆ. ಆದರೆ ಮೂರನೆಯದೋ ಐದನೆಯದೋ ತಿಂಗಳು ತುಂಬಿತೆಂದು ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತೂ, ಕೂಸಿನ ನಿದ್ರೆ ದೊಡ್ಡವರ ನಿದ್ರೆಯ ರೀತಿಗೆ ತಿರುಗಿ ಮತ್ತೆ ಮತ್ತೆ ಎಚ್ಚರವಾಗತೊಡಗುವ ಹೊತ್ತೂ ಬಹಳಷ್ಟು ಸಲ ಒಂದೇ ಆಗುತ್ತವೆ. ‘ನಮ್ಮ ಮನ್ಯಾಗ ಚಂದಂಗ ಮಲಗತಿತ್ತು’ ಎಂದು ತವರಿನವರು, ‘ನೀವ ಕೈಗೆ ಹಚ್ಚಿ ಕಳಿಸೀರಿ’ ಎಂದು ಅತ್ತೆಯ ಮನೆಯವರು ವಾದಿಸುವ ಈ ಮೊಕದ್ದಮೆಯಲ್ಲಿ ಇಬ್ಬರೂ ನಿರಪರಾಧಿಗಳು. ಅದೇ ಹಾಸಿಗೆಯ ಬಟ್ಟೆಯನ್ನು ಒಗೆಯದೆ ಜೊತೆಗೆ ಒಯ್ದು, ಅದೇ ಹೊತ್ತಿಗೆ ಮೈ ಒರೆಸಿ, ತವರಿನಲ್ಲಿ ಹಾಡುತ್ತಿದ್ದ ಜೋಗುಳವನ್ನೇ ಹಾಡಿ, ನೋಡಲು ಬರುವವರನ್ನು ಮೊದಲ ವಾರ ಹಗಲಿಗಷ್ಟೆ ಕರೆದರೆ, ಕೂಸು ಸಾಮಾನ್ಯವಾಗಿ ಎರಡು-ಮೂರು ವಾರಗಳಲ್ಲಿ ಹೊಸ ಮನೆಯ ಇರುಳಿಗೆ ಒಗ್ಗುತ್ತದೆ. ಆ ವಾರಗಳ ಮಟ್ಟಿಗೆ ತವರಿನಿಂದ ಒಬ್ಬರು ಬಂದು ಜೊತೆಗಿರುವುದಾದರೆ ಅತ್ತೆಯವರು ಅದನ್ನು ಅವಮಾನವೆಂದು ತಿಳಿಯಬಾರದು.